ಮಂಗನ ಕಾಯಿಲೆಯ ಲೆಕ್ಕದಲ್ಲಿ ಬಿಟ್ಟುಹೋದದ್ದು

ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಗೆ ದಶಕಗಳ ಕಾಲ ಮಲೆನಾಡಿಗರು ನೆಚ್ಚಿಕೊಂಡದ್ದು ಒಂದೇ ಲಸಿಕೆಯನ್ನು. 1990ರ ದಶಕದ ಆರಂಭದ ಕ್ಷೇತ್ರಾಧ್ಯಯನವೊಂದು, ಎರಡು ಡೋಸ್ ಪಡೆದವರಲ್ಲಿ ಅದು ಶೇ 93.5ರಷ್ಟು ಪರಿಣಾಮಕಾರಿ ಎಂದಿತ್ತು. 2013ರಲ್ಲಿ ಇನ್ನೊಂದು ಲೆಕ್ಕ ಬಂತು. ಶಿವಮೊಗ್ಗದ ವೈರಾಣು ಪ್ರಯೋಗಾಲಯದ ವೈದ್ಯರೂ ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯ ತಜ್ಞರೂ ಕೂಡಿ 2005ರಿಂದ 2010ರವರೆಗಿನ ದಾಖಲೆಗಳನ್ನು ಜಾಲಾಡಿದ್ದರು. ಒಂದೇ ಡೋಸ್ ಪಡೆದವರಿಗೆ ರಕ್ಷಣೆಯೇ ಇಲ್ಲ, ಎರಡಕ್ಕೆ ಶೇ 62.4, ಮೇಲೆ ಬೂಸ್ಟರನ್ನೂ ಪಡೆದವರಿಗೆ ಶೇ 82.9.

ಈ ಎರಡನೆಯ ಅಧ್ಯಯನ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಹೊಸದಾಗಿ ಪ್ರಯೋಗ ಹೂಡದೆ, ಲಸಿಕೆ ವಿವರ ಮತ್ತು ಪ್ರಯೋಗಾಲಯದಲ್ಲಿ ದೃಢಪಟ್ಟ ರೋಗಿಗಳ ಪಟ್ಟಿ ಎರಡನ್ನೂ ಎದುರುಬದುರು ಇಟ್ಟು ನೋಡಿದ್ದೇ ಅದರ ಹೆಚ್ಚುಗಾರಿಕೆ. ಆದರೆ ಆ 62.4ನ್ನು ಸ್ವಲ್ಪ ಹತ್ತಿರದಿಂದ ನೋಡಿ. ಐದಾರು ವರ್ಷಗಳ ರೋಗಿಗಳು ಒಟ್ಟು 168. ಅವರಲ್ಲಿ 134 ಮಂದಿ ಲಸಿಕೆಯನ್ನೇ ಹಾಕಿಸಿಕೊಂಡವರಲ್ಲ. ಎರಡು ಡೋಸ್ ಪಡೆದೂ ಕಾಯಿಲೆ ಬಿದ್ದವರು ಬರೀ 13. ಅಷ್ಟು ಕಡಿಮೆ ಜನರ ಮೇಲೆ ನಿಂತ ಲೆಕ್ಕವಾದ್ದರಿಂದ ನಿಜವಾದ ಪರಿಣಾಮ ಶೇ 26ರಿಂದ 81ರೊಳಗೆ ಎಲ್ಲಾದರೂ ಇರಬಹುದು. ಲೇಖಕರು ಇದನ್ನು ಮುಚ್ಚಿಟ್ಟಿಲ್ಲ, ಪ್ರಬಂಧದಲ್ಲೇ ಕೊಟ್ಟಿದ್ದಾರೆ. ಆಮೇಲೆ ಎಲ್ಲರ ಬಾಯಲ್ಲೂ ಉಳಿದದ್ದು ಮಾತ್ರ 62.4.

ಇನ್ನೊಂದು ತೊಡಕು ಇದೆ. ತಿಂಗಳ ಅಂತರದಲ್ಲಿ ಎರಡು ಸೂಜಿ, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷ ವರ್ಷವೂ ಮತ್ತೆ ಚುಚ್ಚಿಸಿಕೊಳ್ಳಬೇಕಿತ್ತು. ನೋವು ಕೊಡುತ್ತಿದ್ದ ಈ ಚುಚ್ಚುಮದ್ದಿಗೆ ಅಷ್ಟು ಸಲ ಯಾರು ಬಂದಿದ್ದಾರು? ಆರೋಗ್ಯ ಕೇಂದ್ರಕ್ಕೆ ಹತ್ತಿರ ಇರುವವರು, ಕೂಲಿ ತಪ್ಪಿದರೂ ನಡೆಯುತ್ತದೆ ಎನ್ನುವವರು. ದರಕು ಗುಡಿಸಲು, ಸೌದೆ ತರಲು ದಿನವೂ ಕಾಡು ಹೊಕ್ಕು, ಈ ಕಾಯಿಲೆ ಹರಡುವ ಉಣುಗು ಕಚ್ಚಿಸಿಕೊಳ್ಳುವವರು ಅವರೇ ಆಗಿರಬೇಕೆಂದೇನೂ ಇಲ್ಲ. ಹಾಗಿದ್ದರೆ 82.9ರಲ್ಲಿ ಲಸಿಕೆಯ ಪಾಲೆಷ್ಟು, ಕಾಡಿಗೆ ಹೋಗದಿದ್ದುದರ ಪಾಲೆಷ್ಟು? ಯಾರು ಎಷ್ಟು ಸಲ ಕಾಡಿಗೆ ಹೋಗುತ್ತಾರೆ ಎಂಬುದನ್ನು ಬರೆದಿಡದ ಹೊರತು ಯಾವ ಸಂಖ್ಯಾಶಾಸ್ತ್ರಜ್ಞನೂ ಇದನ್ನು ಬಿಡಿಸಲಾರ.

ಆ ಕಾಡಿನ ಕಡೆಗೆ ಕಣ್ಣು ಹಾಯಿಸಿದ್ದು 2020ರಲ್ಲಿ ಪ್ರಕಟವಾದ ಅಪಾಯ ನಕ್ಷೆಯ ಕೆಲಸ. ಬ್ರಿಟನ್ನಿನ ಪರಿಸರ ವಿಜ್ಞಾನಿಗಳು, ಬೆಂಗಳೂರಿನ ಏಟ್ರೀ ಸಂಶೋಧನಾ ಸಂಸ್ಥೆ, ರಾಜ್ಯದ ಆರೋಗ್ಯ ಇಲಾಖೆ ಒಟ್ಟಾಗಿ ಮಾಡಿದ್ದು. ಯಾವ ಅಂಶಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಸ್ಥಳೀಯ ಅಧಿಕಾರಿಗಳನ್ನೂ ಕೂರಿಸಿಕೊಂಡು ತೀರ್ಮಾನಿಸಿದರು. ನಿತ್ಯಹರಿದ್ವರ್ಣ ಕಾಡು, ತೋಟ ಬೆರೆತಿರುವ, ನಾಟಿ ದನ ಹೆಚ್ಚಿರುವ ಊರುಗಳಲ್ಲಿ ಅಪಾಯ ಜಾಸ್ತಿ ಎಂದು ಕಂಡುಬಂತು. ಕೊಟ್ಟಿಗೆಯ ದನವನ್ನೂ ರೋಗಿಯ ವಿಳಾಸವನ್ನೂ ಒಂದೇ ಕೋಷ್ಟಕಕ್ಕೆ ತಂದದ್ದು ಸಣ್ಣ ಸಾಧನೆಯಲ್ಲ. ಆದರೂ ದಾಖಲೆಯಲ್ಲಿ ಇರುವುದು ಮನೆ ಇರುವ ಊರು. ಉಣುಗು ಕಚ್ಚಿದ ಜಾಗ ಮೈಲಿ ಆಚೆ ಇದ್ದೀತು. ಆ ಮಟ್ಟಿಗೆ ನಕ್ಷೆಯೂ ಮಸುಕು.

ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಹೊಸದರ ತಯಾರಿ ನಡೆದಿದೆ. ಅದರ ಮೊದಲ ಸೂಜಿ ಚುಚ್ಚುವ ಮುನ್ನವೇ ಆರೋಗ್ಯ ಇಲಾಖೆ ಮೂರು ಕೆಲಸ ಮುಗಿಸಬೇಕು: ಲಸಿಕೆ ಪಡೆದವರಿಗೂ ರಕ್ತಪರೀಕ್ಷೆಗೂ ಒಂದೇ ಗುರುತಿನ ಸಂಖ್ಯೆ ಕೊಡುವುದು, ಯಾವ ಬ್ಯಾಚಿನ ಲಸಿಕೆ ಎಂದು ಬರೆದಿಡುವುದು, ರೋಗಿ ಕಾಡಿನ ಯಾವ ಭಾಗಕ್ಕೆ ಹೋಗಿದ್ದ ಎಂದು ಕೇಳುವುದು. ಹೆಸರು ತೆಗೆದ ಆ ದಾಖಲೆ ಹೊರಗಿನ ಸಂಶೋಧಕರಿಗೂ ಸಿಗಬೇಕು.