ನರಸಿಂಹರಾಜು: ಕಿವಿಯಿಂದ ನೋಡಬೇಕಾದ ನಟ

ತಿಪಟೂರು ಸೀಮೆಯಲ್ಲಿ ಉಂಡೆಕೊಬ್ಬರಿಗೆಂದು ಅಟ್ಟಕ್ಕೇರಿಸಿದ ಕಾಯಿಯನ್ನು ಯಾರೂ ಅವಸರದಲ್ಲಿ ಸುಲಿಯುವುದಿಲ್ಲ. ತಿಂಗಳುಗಟ್ಟಲೆ ಕಾದು, ಅಲ್ಲಾಡಿಸಿದಾಗ ಒಳಗಿನ ಗಿಟುಕು ಸದ್ದು ಮಾಡಿದ ಮೇಲೇ ಸುಲಿಯಲು ಕೂರುತ್ತಾರೆ. 1923ರಲ್ಲಿ ಇದೇ ತಿಪಟೂರಿನಲ್ಲಿ ಹುಟ್ಟಿದ ಟಿ.ಆರ್. ನರಸಿಂಹರಾಜು ಅವರ ಕಲೆಯೂ ಹಾಗೇ ಮಾಗಿದ್ದು. ನಾಲ್ಕರ ವಯಸ್ಸಿಗೇ ಸಿ.ಬಿ. ಮಲ್ಲಪ್ಪನವರ ನಾಟಕ ಕಂಪನಿ ಸೇರಿದ ಹುಡುಗ 'ಬೇಡರ ಕಣ್ಣಪ್ಪ'ದಲ್ಲಿ ಅರ್ಚಕರ ಮಗ ಕಾಶಿಯಾಗಿ ತೆರೆಗೆ ಬಂದದ್ದು 1954ರಲ್ಲಿ. ನಡುವಿನ ಕಾಲು ಶತಮಾನವೆಲ್ಲ ರಂಗದ ಮೇಲೆ ಕಳೆಯಿತು. ಕೊನೆಗೆ ಸೇರಿದ್ದು ಗುಬ್ಬಿ ಕಂಪನಿಯನ್ನು.

ಅವರೆಂದರೆ ನಮಗೆ ನೆನಪಾಗುವುದು ಬಡಕಲು ಮೈ, ಉಬ್ಬುಹಲ್ಲು. ಅಷ್ಟಕ್ಕೇ ನಿಲ್ಲುವುದು ಆ ಕಲಾವಿದನಿಗೆ ಮಾಡುವ ಅನ್ಯಾಯ. ಅವರ ಬಂಡವಾಳವಿದ್ದದ್ದು ಕಿವಿಯಲ್ಲಿ. ಕಂಪನಿ ನಾಟಕದಲ್ಲಿ ಹಾರ್ಮೋನಿಯಂ ಶ್ರುತಿ ಕೊಟ್ಟೊಡನೆ ನಟ ಕಂದ ಎತ್ತಬೇಕು. ಮಾತು ಮುಗಿಯುವುದೂ ತಬಲಾದ ಪೆಟ್ಟು ಬೀಳುವುದೂ ಒಟ್ಟಿಗೇ ಆಗಬೇಕು. ಪ್ರಹ್ಲಾದ, ಲೋಹಿತಾಶ್ವನಂಥ ಬಾಲಪಾತ್ರಗಳಲ್ಲಿ ಪಳಗಿದವರಿಗೆ ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು ಎಂಬುದು ಮೈಗೂಡಿತ್ತು. ಸಿನಿಮಾದಲ್ಲಿ ಹಾಡು ಹಿನ್ನೆಲೆ ಗಾಯಕರ ಪಾಲಾಯಿತು. ಆದರೆ ಲಯ ಇವರ ಮಾತಿನಲ್ಲೇ ಉಳಿಯಿತು.

ಬೇಕಿದ್ದರೆ 1965ರ 'ಸತ್ಯ ಹರಿಶ್ಚಂದ್ರ'ದ ನಕ್ಷತ್ರಿಕನನ್ನು ಗಮನಿಸಿ. ರಾಜ್‌ಕುಮಾರ್ ಅವರ ಹರಿಶ್ಚಂದ್ರ ವಿಳಂಬ ಕಾಲದ ಆಲಾಪ; ಸಾಲ ವಸೂಲಿಗೆ ಬೆನ್ನುಬಿದ್ದ ನಕ್ಷತ್ರಿಕನದು ದ್ರುತಗತಿಯ ಪಟಪಟ ಮಾತು. ನಗುತ್ತಿರುವಾಗಲೇ ರಾಜನ ಸಂಕಟ ನಮ್ಮ ಕರುಳು ಹಿಂಡುತ್ತದೆ. ದುಃಖವನ್ನು ಹಗುರ ಮಾಡದೆ ಇನ್ನಷ್ಟು ಬಿಗಿ ಮಾಡುವ ಹಾಸ್ಯ ಅದು. ಕನ್ನಡ ತೆರೆಯಲ್ಲಿ ಇಂಥದ್ದು ಅಪರೂಪ.

ಚಿತ್ರರಂಗ ಈ ಶಕ್ತಿಯನ್ನು ಪೂರ್ತಿ ಬಳಸಿಕೊಳ್ಳಲಿಲ್ಲ ಎಂಬ ಕೊರಗು ನನಗಿದೆ. ಇನ್ನೂರಕ್ಕೂ ಮಿಕ್ಕ ಚಿತ್ರಗಳಲ್ಲಿ ಬಹುಪಾಲು ಅವರಿಗೆ ಸಿಕ್ಕಿದ್ದು ಕಥೆಗೆ ಅಂಟಿಸಿದ ಹಾಸ್ಯದ ತುಣುಕು: ಹೆದರುವುದು, ಏಟು ತಿನ್ನುವುದು, ಓಡುವುದು. ಸವಕಲಾದ ಆ ದೃಶ್ಯಗಳಲ್ಲೂ ಮಾತಿನ ತಾಳ ತಪ್ಪಿದ್ದಿಲ್ಲ. 1974ರ 'ಪ್ರೊಫೆಸರ್ ಹುಚ್ಚುರಾಯ'ದಲ್ಲಿ ಮುಖ್ಯ ಪಾತ್ರ ಸಿಗಬೇಕಾದರೆ ಅವರೇ ನಿರ್ಮಾಪಕರಾಗಬೇಕಾಯಿತು. ಐದು ವರ್ಷದ ನಂತರ, 1979ರ ಜುಲೈನಲ್ಲಿ, ಅವರು ತೀರಿಕೊಂಡರು.

ನಮ್ಮೂರುಗಳ ವೇದಿಕೆಗಳಲ್ಲಿ ಅವರನ್ನು ಅನುಕರಿಸುವ ಹುಡುಗರು ಮೊದಲು ಹಲ್ಲು ಮುಂದೆ ಮಾಡುತ್ತಾರೆ. ಅವರಿಗೆ ನಾನು ಹೇಳುವುದಿಷ್ಟೆ: ಕಣ್ಣು ಮುಚ್ಚಿ ಆ ನಕ್ಷತ್ರಿಕನ ಮಾತು ಕೇಳಿ. ಕಾಯಿಯ ಗುಣ ಬಲ್ಲವರು ಸಿಪ್ಪೆ ನೋಡಿ ತೀರ್ಮಾನಿಸುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ.