ಉಳಿದ ಗಡ್ಡೆ, ಉಳಿಯಬೇಕಾದ ನೆನಪು

‘ಗಡ್ಡೆ ಪೂರ್ತಿ ತೆಗೆಯಲಿಲ್ಲ’ ಎಂದು ಮಿದುಳಿನ ಸರ್ಜನ್ ಹೇಳಿದರೆ ಅದನ್ನು ಸೋಲೆಂದು ತಿಳಿಯಬೇಕಿಲ್ಲ. ಮಾತಿನ ಜಾಗಕ್ಕೋ ಕಣ್ಣಿನ ನರಕ್ಕೋ ಅಂಟಿಕೊಂಡ ಚೂರನ್ನು ಕಿತ್ತರೆ ಜೀವ ಉಳಿದರೂ ಮಾತೋ ದೃಷ್ಟಿಯೋ ಹೋಗುತ್ತದೆ. ಹಾಗಾಗಿ ತಿಳಿದೇ ಬಿಟ್ಟಿರುತ್ತಾರೆ. ಆ ಚೂರಿಗೆ ಮುಂದೆ ರೇಡಿಯೇಷನ್. ನಮ್ಮ ಕಡೆಯ ಮಾತಿನಲ್ಲಿ ‘ಕರೆಂಟ್ ಕೊಡುವುದು’.

ಎಷ್ಟು ಬೇಗ ಕೊಡಬೇಕು? ನಿಧಾನವಾಗಿ ಬೆಳೆಯುವ ಗ್ಲಯೋಮಾ ಗಡ್ಡೆಗಳ ಬಗ್ಗೆ ರೋಟರ್‌ಡಾಂನ ಮಾರ್ಟಿನ್ ವಾನ್ ಡೆನ್ ಬೆಂಟ್ ಮತ್ತು ಯುರೋಪಿನ ಸಹೋದ್ಯೋಗಿಗಳು 2005ರಲ್ಲಿ ಉತ್ತರ ಕೊಟ್ಟರು. ಆಪರೇಷನ್ ಆದ ಕೂಡಲೇ ರೇಡಿಯೇಷನ್ ಪಡೆದವರಲ್ಲಿ ಗಡ್ಡೆ ಸುಮಾರು 5.3 ವರ್ಷ ಸುಮ್ಮನಿತ್ತು, ಕಾದು ಪಡೆದವರಲ್ಲಿ 3.4 ವರ್ಷ. ಆದರೆ ಎರಡೂ ಗುಂಪಿನವರು ಬದುಕಿದ್ದು ಹೆಚ್ಚುಕಡಿಮೆ ಒಂದೇ ಕಾಲ. ಹಾಗಿದ್ದರೆ ಆ ಬದುಕು ಹೇಗಿತ್ತು? ನಾನಿರುವ ಬಾಡ್‌ಹೂವೆಡಾರ್ಪ್‌ನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಆಂಸ್ಟರ್‌ಡಾಂನ ಫ್ರೈಯ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ, ಲಿಂಡಾ ಡೌ ಮತ್ತು ಸಂಗಡಿಗರು ಅದನ್ನೇ ಕೇಳಿದರು. ಇಂಥ ಗಡ್ಡೆಯೊಂದಿಗೆ ಬಾಳಿದ 65 ಜನರನ್ನು ಸರಾಸರಿ 12 ವರ್ಷಗಳ ಬಳಿಕ ಪರೀಕ್ಷಿಸಿ 2009ರಲ್ಲಿ ಬರೆದರು: ರೇಡಿಯೇಷನ್ ಪಡೆದವರಲ್ಲಿ ಗಮನ ನಿಲ್ಲಿಸುವ ಶಕ್ತಿ ವರ್ಷದಿಂದ ವರ್ಷಕ್ಕೆ ಕುಂದಿತ್ತು. ದಿನದಿನದ ಡೋಸ್ ಕಡಿಮೆ ಇದ್ದವರೂ ಇದರಿಂದ ತಪ್ಪಿಸಿಕೊಂಡಿರಲಿಲ್ಲ. ಈ ವಿಷಯದಲ್ಲಿ ನಾನು ಓದಿದ್ದರಲ್ಲಿ ಇಷ್ಟು ಕಾಡಿದ ಫಲಿತಾಂಶ ಇನ್ನೊಂದಿಲ್ಲ.

ರೇಡಿಯೇಷನ್ನಿನ ಇನ್ನೊಂದು ಬಗೆಯಾದ ಪ್ರೋಟಾನ್ ಚಿಕಿತ್ಸೆಯನ್ನು, ಉಳಿದ ಬದುಕು ಹೇಗಿರುತ್ತದೆ ಎಂಬ ಈ ಪ್ರಶ್ನೆಯ ಎದುರಿಗಿಟ್ಟೇ ತೂಗಬೇಕು. ಸಾಮಾನ್ಯ ರೇಡಿಯೇಷನ್ನಿನ ಎಕ್ಸ್‌ರೇ ಗಡ್ಡೆಯನ್ನು ದಾಟಿ ತಲೆಯ ಇನ್ನೊಂದು ಬದಿಯಿಂದ ಹೊರಬೀಳುತ್ತದೆ. ಪ್ರೋಟಾನ್ ನಿಗದಿತ ಆಳದಲ್ಲಿ ತನ್ನ ಶಕ್ತಿಯ ಬಹುಪಾಲನ್ನು ಸುರಿದು ಅಲ್ಲೇ ನಿಲ್ಲುತ್ತದೆ. ಇದನ್ನು ಚಿಕಿತ್ಸೆಗೆ ಬಳಸಬಹುದೆಂದು ಭೌತವಿಜ್ಞಾನಿ ರಾಬರ್ಟ್ ವಿಲ್ಸನ್ ಬರೆದದ್ದು 1946ರಲ್ಲಿ. ಹೋಲಿಕೆಗೆ ಹೇಳುವುದಾದರೆ, ನಮ್ಮ ಬಾಡ್‌ಹೂವೆಡಾರ್ಪ್ ಊರನ್ನು ಸೀಳಿದ್ದ ಎ9 ಹೆದ್ದಾರಿಯನ್ನು 2017ರಲ್ಲಿ ಊರ ಹೊರಗೆ ತಿರುಗಿಸಿದರು. ಪ್ರೋಟಾನ್ ಅಷ್ಟು ಪೂರ್ತಿ ಸುತ್ತಿಕೊಂಡು ಹೋಗುವುದಿಲ್ಲ, ಒಳಹೋಗುವ ದಾರಿಯಲ್ಲಿ ಸ್ವಲ್ಪ ಶಕ್ತಿ ಬಿಟ್ಟೇ ಹೋಗುತ್ತದೆ. ಗಡ್ಡೆಯಾಚೆಗಿನ ಮಿದುಳು ಮಾತ್ರ ಬಹುಮಟ್ಟಿಗೆ ಬಚಾವಾಗುತ್ತದೆ. ಗಡ್ಡೆಯನ್ನು ಕೊಲ್ಲುವುದರಲ್ಲಿ ಪ್ರೋಟಾನ್ ಎಕ್ಸ್‌ರೇಗಿಂತ ಬಹಳ ಮೇಲೇನಲ್ಲ. ಮೇಲೆಂದು ನಂಬಿ ಆಸ್ತಿ ಮಾರಿ ಹೊರಡುವವರಿಗೆ ಇದನ್ನು ಮೊದಲೇ ಹೇಳಬೇಕು.

ನೆದರ್ಲೆಂಡ್ಸ್‌ನಲ್ಲಿ ಖ್ರೋನಿಂಗೆನ್ ಮತ್ತು ಡೆಲ್ಫ್ಟ್ ಪ್ರೋಟಾನ್ ಕೇಂದ್ರಗಳು 2018ರಲ್ಲಿ, ಮಾಸ್ಟ್ರಿಕ್ಟ್ 2019ರಲ್ಲಿ ರೋಗಿಗಳನ್ನು ತೆಗೆದುಕೊಳ್ಳತೊಡಗಿದವು. ಆಂಸ್ಟರ್‌ಡಾಂಗೂ ಪರವಾನಗಿ ಸಿಕ್ಕಿತ್ತು, ಕೇಂದ್ರ ಮೇಲೇಳಲಿಲ್ಲ. ಹಾಗಾಗಿ ನಮ್ಮೂರಿನವರಿಗೆ ಡೆಲ್ಫ್ಟ್ ಹತ್ತಿರದ್ದು. ಆರು ವಾರ, ಸುಮಾರು 30 ದಿನ ಹೋಗಿಬರಬೇಕು.

ಈ ದೇಶದ ಪದ್ಧತಿಯಲ್ಲಿ ನನಗೆ ತುಂಬ ಹಿಡಿಸಿದ್ದು ಆಯ್ಕೆಯ ವಿಧಾನ. ಖ್ರೋನಿಂಗೆನ್‌ನ ಯೋಹಾನೆಸ್ ಲಾಂಗೆಂಡೈಕ್ ಮತ್ತು ಜೊತೆಗಾರರು 2013ರಲ್ಲಿ ಮುಂದಿಟ್ಟ ಈ ವಿಧಾನದಲ್ಲಿ ಒಬ್ಬ ರೋಗಿಗೆ ಎರಡೂ ಯೋಜನೆ ಹಾಕುತ್ತಾರೆ, ಎಕ್ಸ್‌ರೇಯದೂ ಪ್ರೋಟಾನಿನದೂ. ಯಾವುದರಲ್ಲಿ ಎಷ್ಟು ಅಡ್ಡಪರಿಣಾಮ ಬರಬಹುದೆಂದು ಲೆಕ್ಕಹಾಕಿ, ಅಂತರ ಸಾಕಷ್ಟಿದ್ದರೆ ಮಾತ್ರ ಪ್ರೋಟಾನ್. ಖರ್ಚು ಮೂಲ ಆರೋಗ್ಯ ವಿಮೆಯದು. ಜೇಬು ನೋಡದೆ ಅಗತ್ಯ ನೋಡುವ ಈ ನ್ಯಾಯವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಭಾರತದಲ್ಲಿ ಚೆನ್ನೈನ ಅಪೋಲೊ ಕೇಂದ್ರ 2019ರಲ್ಲಿ ತೆರೆಯಿತು, ನವಿ ಮುಂಬಯಿಯ ಖಾರ್ಘರ್‌ನಲ್ಲಿ ಟಾಟಾ ಸ್ಮಾರಕ ಕೇಂದ್ರವೂ ಪ್ರೋಟಾನ್ ಕೊಡುತ್ತಿದೆ. ಯಂತ್ರ ಬಂದಿದೆ, ಯಾರಿಗೆ ಬೇಕು, ಯಾರಿಗೆ ಬೇಡ ಎಂಬ ಈ ತಕ್ಕಡಿಯೂ ಅದರ ಜೊತೆ ಬರಬೇಕು.

ಆದರೆ ಮಿದುಳಿನ ವಿಷಯದಲ್ಲಿ ತಕ್ಕಡಿ ಇನ್ನೂ ಒರಟು. ಕುತ್ತಿಗೆಗೆ ರೇಡಿಯೇಷನ್ ಕೊಟ್ಟಾಗ ನುಂಗಲು ಕಷ್ಟವಾಗುವುದನ್ನು ಲೆಕ್ಕಕ್ಕೆ ಹಿಡಿಯಬಹುದು, ಮರೆವನ್ನು ಹಿಡಿಯುವುದು ಕಷ್ಟ. ಹ್ಯೂಸ್ಟನ್‌ನ ಎಂ.ಡಿ. ಆಂಡರ್ಸನ್ ಆಸ್ಪತ್ರೆ ಗ್ಲಯೋಬ್ಲಾಸ್ಟೋಮಾ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಪ್ರೋಟಾನ್, ಇನ್ನೊಂದಕ್ಕೆ ಎಕ್ಸ್‌ರೇ ಕೊಟ್ಟು ನೋಡಿತು. ಬುದ್ಧಿಶಕ್ತಿ ಕುಂದುವುದನ್ನು ಪ್ರೋಟಾನ್ ಮುಂದೂಡಲಿಲ್ಲವೆಂದು 2021ರಲ್ಲಿ ವರದಿಯಾಯಿತು. ಆದರೆ ಗ್ಲಯೋಬ್ಲಾಸ್ಟೋಮಾ ಆಯುಷ್ಯವನ್ನೇ ಬೇಗ ಕಸಿಯುವ ಗಡ್ಡೆ. ದಶಕಗಳ ಬಳಿಕದ ಹಾನಿ ಅಲ್ಲಿ ಕಾಣಲು ಸಮಯವೇ ಇರುವುದಿಲ್ಲ. ಅದಕ್ಕೇ ನನ್ನ ಮಟ್ಟಿಗೆ ಪ್ರೋಟಾನ್ ಸಲ್ಲುವುದು ಮುಂದೆ ಬಹಳ ವರ್ಷ ಬಾಳುವವರಿಗೆ: ಮಕ್ಕಳಿಗೆ, ಮೆನಿಂಜಿಯೋಮಾ (ಮಿದುಳಿನ ಪೊರೆಯ ಗಡ್ಡೆ) ಉಳಿದವರಿಗೆ, ನಿಧಾನದ ಗ್ಲಯೋಮಾ ಇರುವ ಮೂವತ್ತು ನಲವತ್ತರ ಪ್ರಾಯದವರಿಗೆ.

ಇನ್ನೊಂದು ಮಾತಿದೆ, ಅದನ್ನು ಇಲ್ಲಿನ ಕನ್ನಡಿಗನಾಗಿ ಹೇಳುತ್ತಿದ್ದೇನೆ. ಇಲ್ಲಿ ನೆನಪನ್ನು ಅಳೆಯುವ ಹದಿನೈದು ಪದಗಳ ಪರೀಕ್ಷೆ ಡಚ್ಚಿನದು. ಮೈಸೂರಿನಿಂದ ಬಂದು ಆಫೀಸಿನಲ್ಲಿ ಇಂಗ್ಲಿಷ್ ಆಡುವವರು ಆ ಪಟ್ಟಿಯಲ್ಲಿ ಆರು ಪದ ಮರೆತರೆ, ಮರೆಸಿದ್ದು ಗಡ್ಡೆಯೋ ರೇಡಿಯೇಷನ್ನೋ ಭಾಷೆಯೋ? ತಾಯಿಗೆ ಫೋನ್ ಮಾಡಿದಾಗ ‘ಒಗ್ಗರಣೆ’ ಎಂಬ ಪದ ನಾಲಿಗೆಗೆ ಬಾರದೆ ತಡವರಿಸಿದ್ದು ಆ ಕಾಗದದ ಮೇಲೆ ಎಲ್ಲೂ ಬೀಳುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ನಮ್ಮ ಜನಕ್ಕೆ ಒಗ್ಗುವ ಪರೀಕ್ಷೆಗಳ ಕೈಪಿಡಿಯನ್ನು 2004ರಲ್ಲೇ ತಂದಿದೆ. ಡೆಲ್ಫ್ಟ್‌ಗೆ ಹೊರಡುವವರು ಮೊದಲ ಡೋಸಿಗೆ ಮುಂಚೆಯೇ ಕನ್ನಡದಲ್ಲಿ ಪರೀಕ್ಷೆ ಮಾಡಿಸಬೇಕೆಂದು ಕೇಳಬೇಕು. ಆಮೇಲೆ ಮಾಡಿಸಿದರೆ ಹೋಲಿಸಿ ನೋಡಲು ಮುಂಚಿನ ಅಂಕಿಯೇ ಇರುವುದಿಲ್ಲ.