ಪುಸ್ತಕದಲ್ಲಿಲ್ಲದ ಹೆಸರು

ಹೋದ ಶ್ರಾವಣದಲ್ಲಿ ಒಂದು ಸಂಜೆ ಪಕ್ಕದ ಮನೆಯಾಕೆ ಸೆರಗಿನಲ್ಲಿ ಒಂದು ಪುಸ್ತಕ ಮುಚ್ಚಿಕೊಂಡು ಬಂದರು. ಅವರ ಮಗನಿಗೆ ಹೆಣ್ಣು ಕೂಸು ಹುಟ್ಟಿ ಹತ್ತು ದಿನವಾಗಿತ್ತು. "ಅಕ್ಕಾರ, ಹದಿಮೂರನೇ ದಿನ ತೊಟ್ಲಾಗ ಹಾಕೂದೈತ್ರಿ. 'ಚ' ಅಕ್ಷರ ಬಂದೈತಿ. ನೀವು ಸಾಲಿ ಕಲಿಸಿದವ್ರು, ಚಲೋ ಅರ್ಥ ಇರೂ ಹೆಸರು ಒಂದು ಆರಿಸಿ ಕೊಡ್ರಿ" ಎಂದು ಪುಸ್ತಕವನ್ನು ನನ್ನ ಕೈಗಿಟ್ಟರು. ಬಸ್ ಸ್ಟ್ಯಾಂಡಿನಲ್ಲಿ ಪಂಚಾಂಗ, ರಂಗೋಲಿ, ಉಪ್ಪಿನಕಾಯಿ ಪುಸ್ತಕಗಳ ಜೊತೆ ತೂಗುಹಾಕಿ ಮಾರುತ್ತಾರಲ್ಲ, ಅಂಥದು. ಎಡಕ್ಕೆ ಹೆಸರು, ಬಲಕ್ಕೆ ಅರ್ಥ.

ಅವರು ಹೋದ ಮೇಲೆ ನಾನದನ್ನು ಕಾದಂಬರಿಯ ಹಾಗೆ ಮೊದಲಿನಿಂದ ಕೊನೆಯವರೆಗೆ ಓದಿದೆ. ಕಾದಂಬರಿಗಳ ವಿಮರ್ಶೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಇಂಥ ಪುಸ್ತಕವನ್ನು ಯಾರೂ ವಿಮರ್ಶೆಗೆ ಎತ್ತಿಕೊಳ್ಳುವುದಿಲ್ಲ. ಆದರೆ ಓದುವ ಹವ್ಯಾಸವೇ ಇಲ್ಲದ ಮನೆಯಲ್ಲೂ ಇದು ಒಂದು ದಿನ ಬಂದು ಕೂತಿರುತ್ತದೆ, ಮತ್ತು ಇದರಲ್ಲಿಯ ಒಂದು ಪದವನ್ನು ಒಂದು ಜೀವ ಆಯುಷ್ಯವಿಡೀ ಹೊತ್ತು ತಿರುಗುತ್ತದೆ.

ಮೊದಲು ಕಣ್ಣಿಗೆ ಬಿದ್ದದ್ದು ಬಲಗಡೆಯ ಸಾಲು. ಗಂಡುಮಕ್ಕಳ ಪಾಲಿಗೆ ವಿಜಯಿ, ಒಡೆಯ, ಸಿಂಹ, ಶತ್ರುಗಳನ್ನು ಗೆದ್ದವನು. ಹೆಣ್ಣುಮಕ್ಕಳ ಪಾಲಿಗೆ ಹೂವು, ಬಳ್ಳಿ, ಬೆಳದಿಂಗಳು, ಮೆಲುಮಾತಿನವಳು. ಇರಲಿ ಬಿಡಿ, ಹೂವಿನ ಮೇಲೆ ನನಗೇನು ಸಿಟ್ಟಿಲ್ಲ. ಆದರೆ 'ಅಪರಾಜಿತ' ಎಂಬ ಹೆಸರು ಎರಡೂ ಕಡೆ ಇತ್ತು. ಗಂಡುಮಕ್ಕಳಲ್ಲಿ ಅದರ ಅರ್ಥ 'ಸೋಲಿಲ್ಲದವನು'. ಹೆಣ್ಣುಮಕ್ಕಳ ಪುಟದಲ್ಲಿ 'ಅಪರಾಜಿತಾ: ಒಂದು ಜಾತಿಯ ಹೂ'. ಆ ಹೂವಿಗೆ ಆ ಹೆಸರಿರುವುದು ನಿಜ. ಆದರೂ ಒಂದೇ ಪದ ದೀರ್ಘ ಪಡೆದ ಕೂಡಲೇ ಗೆಲುವನ್ನು ಕಳೆದುಕೊಂಡು ಬಿಡುವುದೆಂದರೆ!

ಎರಡನೆಯದು ಮೂಲದ ಮಾತು. ಪುಸ್ತಕದ ಕರ್ತೃವಿಗೆ ಜಗತ್ತಿನ ಎಲ್ಲ ಹೆಸರುಗಳೂ ಸಂಸ್ಕೃತದ ಹೊಟ್ಟೆಯಿಂದಲೇ ಹುಟ್ಟಬೇಕು ಎಂಬ ಹಟ. 'ಸೋನಿಯಾ'ಳಿಗೆ 'ಚಿನ್ನದಂಥವಳು' ಎಂದು ಬರೆದಿದ್ದಾರೆ. ಅದು ರಷ್ಯದವರು 'ಸೋಫಿಯಾ'ಳನ್ನು ಮುದ್ದಿನಿಂದ ಕರೆಯುವ ರೀತಿ. ಸೋಫಿಯಾ ಎಂದರೆ ಗ್ರೀಕರ ಮಾತಿನಲ್ಲಿ ವಿವೇಕ. 'ರೀಟಾ'ಳನ್ನು ಋತಕ್ಕೆ ಗಂಟುಹಾಕಿ 'ಸತ್ಯವಂತೆ' ಮಾಡಿದ್ದಾರೆ. ರೀಟಾ ಎಂಬುದು 'ಮಾರ್ಗರೀಟಾ' ಎಂಬ ಹೆಸರಿನ ಬಾಲ. ಅದರ ಬೇರು ಮುತ್ತು ಎಂಬ ಅರ್ಥದ ಗ್ರೀಕ್ ಪದ. ಇದನ್ನು ತಿಳಿದಾಗ ನನಗಾದ ಸಂತೋಷ ಹೇಳತೀರದು. ಹಾಗಾದರೆ ನಮ್ಮ ಓಣಿಯ ಮುತ್ತವ್ವ, ಇಂಗ್ಲೆಂಡಿನ ಮಾರ್ಗರೆಟ್, ಸಿನಿಮಾದ ರೀಟಾ ಎಲ್ಲರೂ ಅಕ್ಕತಂಗಿಯರೇ ಆದರಲ್ಲ! ಸುಳ್ಳು ಅರ್ಥ ಅಂಟಿಸಿ ಪುಸ್ತಕ ಆ ನೆಂಟಸ್ತಿಕೆಯನ್ನೇ ಮುರಿದುಬಿಟ್ಟಿದೆ.

ಆದರೆ ನನ್ನ ದೊಡ್ಡ ತಕರಾರು ಇರುವುದು ಪುಸ್ತಕದಲ್ಲಿ ಇಲ್ಲದ್ದರ ಬಗ್ಗೆ. 'ಸ' ಅಕ್ಷರದ ಪುಟ ತೆಗೆದು ನಮ್ಮವ್ವನ ಹೆಸರು ಹುಡುಕಿದೆ. ಸಹನಾ ಇದ್ದಳು, ಸಾಕ್ಷಿ ಇದ್ದಳು. ಅವರಿಬ್ಬರ ನಡುವೆ ಇರಬೇಕಾದವಳು ಇರಲಿಲ್ಲ.

ನಮ್ಮವ್ವನ ಹೆಸರು ಸಾಕವ್ವ. ಮೂರು ಹೆಣ್ಣಿನ ಬೆನ್ನಿಗೆ ಹುಟ್ಟಿದ ನಾಲ್ಕನೆಯವಳು. "ಇನ್ನ ಹೆಣ್ಣು ಸಾಕವ್ವಾ ತಾಯಿ" ಎಂದು ನಮ್ಮ ಅಜ್ಜ ದೇವಿಗೆ ಕೈಮುಗಿದು ಇಟ್ಟ ಹೆಸರು. ದೇವಿಗೆ ಕೇಳಿಸಿದಂತೆ ಕಾಣಲಿಲ್ಲ. ಅವ್ವನ ಹಿಂದೆ ಇನ್ನೊಬ್ಬಳು ಬಂದಳು.

ನಮ್ಮಲ್ಲಿ ಒರಟು ಹೆಸರುಗಳೆಲ್ಲ ಬೇಡದ ಹೆಸರುಗಳಲ್ಲ. ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಎಳೆಗೂಸನ್ನು ತಿಪ್ಪೆಯ ಮೇಲಿಟ್ಟು ಎತ್ತಿಕೊಂಡು ತಿಪ್ಪಣ್ಣ, ತಿಪ್ಪವ್ವ ಎಂದು ಕರೆಯುತ್ತಿದ್ದರು. ಕಸವೆಂದು ತಿಳಿದು ಸಾವು ಬಿಟ್ಟು ಹೋಗಲಿ ಎಂಬ ಆಸೆ. ಜಪಾನನ್ನು ಆಳಿದ ತೊಯೊತೊಮಿ ಹಿದೆಯೋಶಿ ಕೂಡ 1589ರಲ್ಲಿ ಹುಟ್ಟಿದ ಮಗನನ್ನು 'ಸುತೆ', ಅಂದರೆ 'ಎಸೆದದ್ದು' ಎಂದು ಕರೆದ. ಅರಮನೆಯಲ್ಲೂ ತಿಪ್ಪಣ್ಣ! ಪಾಪ, ಆ ಕೂಸು 1591ರಲ್ಲಿ ತೀರಿಕೊಂಡಿತು. ಇವು ಪ್ರೀತಿ ಹೆದರಿಕೊಂಡು ಇಟ್ಟ ಹೆಸರುಗಳು.

ಸಾಕವ್ವ ಆ ಸಾಲಿನವಳಲ್ಲ. ಅವಳ ಓರಗೆಯವರು ಬೇರೆ. ಜಪಾನಿನಲ್ಲೇ ಹಿಂದೆ ಹೆಣ್ಣುಮಕ್ಕಳಿಗೆ 'ತೊಮೆ' ಎಂದು ಹೆಸರಿಡುತ್ತಿದ್ದರು, ಅರ್ಥ 'ನಿಲ್ಲಿಸು'. ಚೀನಾದಲ್ಲಿ 'ಝಾವೊದಿ' ಎಂಬ ಹೆಣ್ಣುಮಗಳ ಹೆಸರಿಗೆ 'ತಮ್ಮನನ್ನು ಕರೆದು ತಾ' ಎಂದರ್ಥ. ಅವಳನ್ನು ಕೂಗಿದಾಗಲೆಲ್ಲ ಇನ್ನೂ ಹುಟ್ಟದ ಒಬ್ಬ ಹುಡುಗನನ್ನು ಕೂಗಿದ ಹಾಗೆ. ದೂರದ ಮಾತೇಕೆ, ನೆರೆಯ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ 'ನಕೂಶಾ', ಅಂದರೆ 'ಬೇಡವಾದವಳು' ಎಂಬ ಹೆಸರು ಹೊತ್ತ ಸುಮಾರು 280 ಹುಡುಗಿಯರಿಗೆ 2011ರ ಅಕ್ಟೋಬರಿನಲ್ಲಿ ಒಂದೇ ಸಮಾರಂಭದಲ್ಲಿ ಹೊಸ ಹೆಸರು ಕೊಟ್ಟರು. ಸುದ್ದಿ ಓದಿದ ದಿನ ನನಗೆ ಮಧ್ಯಾಹ್ನದ ಊಟ ಸೇರಲಿಲ್ಲ.

ಏಕೆಂದರೆ ನಮ್ಮವ್ವನಿಗೂ ಒಂದು ಹೊಸ ಹೆಸರು ಸಿಕ್ಕಿತ್ತು, ಕೊಟ್ಟವಳು ನಾನೇ. 1979ರಲ್ಲಿ ನನ್ನ ಮದುವೆಯ ಲಗ್ನಪತ್ರಿಕೆ ಅಚ್ಚಿಗೆ ಹೋಗುವಾಗ 'ಸೌ. ಸಾಕವ್ವ' ಎಂದಿದ್ದುದನ್ನು ಹೊಡೆದು 'ಸೌ. ಶಾಂತಾದೇವಿ' ಎಂದು ಬರೆದೆ. ಗಂಡನ ಮನೆಯವರು ಓದಿದವರು, ನಕ್ಕಾರು ಎಂಬ ಅಳುಕು. ಅವ್ವ ಅಕ್ಷರ ಕೂಡಿಸಿ ಓದಿ, "ಇಕಿ ಯಾರವಾ?" ಎಂದು ಕೇಳಿ ಸುಮ್ಮನಾದಳು.

ಅದೇ ಮದುವೆಯಲ್ಲಿ ನನ್ನ ಹೆಸರೂ ಹೋಯಿತು. ನಮ್ಮ ಕಡೆಯ ಕೆಲವು ಮನೆತನಗಳಲ್ಲಿ ಮದುಮಗ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ಹೆಂಡತಿಯ ಹೊಸ ಹೆಸರು ಬರೆಯುವ ಪದ್ಧತಿ ಉಂಟು. ಗಂಗವ್ವನಾಗಿ ಕುಳಿತವಳು ಸುಮಂಗಲಾ ಆಗಿ ಎದ್ದೆ. ಕೇಳಲು ಚೆಂದದ ಹೆಸರೇ. ಆದರೆ ಆ ಅಕ್ಕಿಯನ್ನು ಬಾಚಿ ಒಯ್ಯುವಾಗ ನನ್ನನ್ನು ಯಾರೋ ಬಾಚಿ ಒಯ್ದಂತೆ ಅನ್ನಿಸಿದ್ದು ಇಂದಿಗೂ ನೆನಪಿದೆ. ಸರ್ಟಿಫಿಕೇಟಿನಲ್ಲಿ ಒಬ್ಬಳು, ರೇಶನ್ ಕಾರ್ಡಿನಲ್ಲಿ ಇನ್ನೊಬ್ಬಳು. ಇಬ್ಬರೂ ಒಬ್ಬಳೇ ಎಂದು ನಿವೃತ್ತಿಯ ಹೊತ್ತಿಗೆ ಅಫಿಡವಿಟ್ ಮಾಡಿಸಿಕೊಟ್ಟೆ.

ಐಸ್‌ಲ್ಯಾಂಡ್ ಎಂಬ ಪುಟ್ಟ ದೇಶದಲ್ಲಿ ಮದುವೆಯಾದರೆ ಹೆಣ್ಣಿನ ಹೆಸರು ಬದಲಾಗುವುದಿಲ್ಲ. 1980ರಿಂದ 1996ರವರೆಗೆ ಅಲ್ಲಿಯ ಅಧ್ಯಕ್ಷೆಯಾಗಿದ್ದ ವಿಗ್ದೀಸ್ ಫಿನ್‌ಬೋಗದೋತ್ತಿರ್ ಎಂಬಾಕೆಯ ಹೆಸರಿನ ಎರಡನೆಯ ಭಾಗಕ್ಕೆ 'ಫಿನ್‌ಬೋಗಿಯ ಮಗಳು' ಎಂದಷ್ಟೇ ಅರ್ಥ. ಬೇಕೆಂದರೆ ತಾಯಿಯ ಮಗಳು ಎಂದೂ ಹೇಳಿಕೊಳ್ಳಬಹುದು. ಅದಕ್ಕೆ ಎದುರಾಗಿ ಹಳೆಯ ರೋಮ್ ನಗರವನ್ನು ನೋಡಿ. ಜೂಲಿಯಸ್ ಮನೆತನದ ಹೆಣ್ಣುಮಗು ಜೂಲಿಯಾ. ಇನ್ನೊಬ್ಬಳು ಹುಟ್ಟಿದರೆ ಅವಳೂ ಜೂಲಿಯಾ. ಗುರುತಿಗೆ ದೊಡ್ಡಾಕಿ, ಸಣ್ಣಾಕಿ, ಮೂರನೆಯಾಕಿ. ಅಷ್ಟು ದೊಡ್ಡ ಸಾಮ್ರಾಜ್ಯ ಕಟ್ಟಿದವರಿಗೆ ಮಗಳಿಗೊಂದು ಸ್ವಂತ ಹೆಸರು ಹೊಳೆಯಲಿಲ್ಲ.

ಹೀಗಾಗಿ ಹೆಸರಿನ ಪುಸ್ತಕಕ್ಕೆ ಎರಡು ಸಾಲು ಸಾಲವು ಎಂಬುದು ನನ್ನ ಅಭಿಪ್ರಾಯ. ಹೆಸರು, ಅರ್ಥ, ಅದರ ಜೊತೆಗೆ ಇಟ್ಟವರು ಯಾರು, ಯಾವ ಆಸೆಯಿಂದ, ಯಾವ ಹೆದರಿಕೆಯಿಂದ ಎಂಬ ಮೂರನೆಯ ಸಾಲೂ ಬೇಕು. ಮತ್ತೆ, ಹೊತ್ತವರು ಅದನ್ನು ಏನು ಮಾಡಿದರು ಎಂಬ ನಾಲ್ಕನೆಯದು. ಬೆಂಗಳೂರಿನ ಬಸವನಗುಡಿಯಲ್ಲಿ ಕಾಫಿಯ ಕಾರ್ಖಾನೆ ನಡೆಸಿದ ಒಬ್ಬ ಹೆಣ್ಣುಮಗಳು 'ಕಾಫಿಪುಡಿ ಸಾಕಮ್ಮ' ಎಂದೇ ಪ್ರಸಿದ್ಧಳಾದಳು. ಆಕೆಯ ಕಾಫಿ ಕುಡಿದವರಿಗೆ ಆ ಹೆಸರು ಕೇಳಿದರೆ ನೆನಪಾಗುತ್ತಿದ್ದುದು ಘಮ, 'ಬೇಡ' ಎಂಬ ಮಾತಲ್ಲ.

ಪಕ್ಕದ ಮನೆಯಾಕೆಗೆ ನಾನು 'ಚೆನ್ನವ್ವ' ಎಂದು ಸೂಚಿಸಿದೆ. ಕಿತ್ತೂರಿನ ನೆಲದ ಹೆಸರು, ಅವರ ಅತ್ತೆಯ ಹೆಸರೂ ಹೌದು. "ಭಾಳ ಹಳೇದಾತ್ರಿ ಅಕ್ಕಾರ, ಸೊಸಿ ಒಪ್ಪೂದಿಲ್ಲ" ಎಂದು ನಕ್ಕರು. ಹದಿಮೂರನೇ ದಿನ ಸೋದರತ್ತೆ ಕೂಸಿನ ಕಿವಿಯಲ್ಲಿ 'ಚಾರ್ವಿ' ಎಂದಳು. ಪುಸ್ತಕದ ಪ್ರಕಾರ ಅರ್ಥ 'ಚೆಲುವೆ'. ಚೆನ್ನವ್ವ ಎಂದರೂ ಅದೇ. ನಡುವೆ ಮುತ್ತಜ್ಜಿ ಒಬ್ಬಳು ಬಿಟ್ಟುಹೋದಳು, ಅಷ್ಟೆ. ನಾನೇನೂ ಅನ್ನಲಿಲ್ಲ; ಲಗ್ನಪತ್ರಿಕೆ ತಿದ್ದಿದವಳಿಗೆ ಅನ್ನುವ ಬಾಯಿ ಎಲ್ಲಿದೆ?

"ಪುಸ್ತಕ ನಿಮ್ಮಲ್ಲೇ ಇರ್ಲಿ, ಇನ್ನ ನಮಗ್ಯಾಕ" ಎಂದು ಅವರು ಅದನ್ನು ವಾಪಸು ಒಯ್ಯಲಿಲ್ಲ. ಆ ರಾತ್ರಿ 'ಸ' ಅಕ್ಷರದ ಪುಟ ತೆಗೆದು, ಸಹನಾ ಮತ್ತು ಸಾಕ್ಷಿಯ ನಡುವಿನ ಇರುಕಿನಲ್ಲಿ ಸಣ್ಣ ಅಕ್ಷರದಲ್ಲಿ 'ಸಾಕವ್ವ' ಎಂದು ಬರೆದೆ. ಅರ್ಥದ ಕಡೆ ಬಂದಾಗ ಪೆನ್ನು ನಿಂತಿತು. ಕನ್ನಡದಲ್ಲಿ 'ಸಾಕು' ಎಂದರೆ ಮುಗಿಸು ಎಂದೂ ಆಗುತ್ತದೆ, ಸಲಹು ಎಂದೂ ಆಗುತ್ತದೆ. ನಮ್ಮಜ್ಜ ಇಟ್ಟದ್ದು ಮೊದಲನೆಯದು. ಅವ್ವ ನಮ್ಮ ಐವರನ್ನು, ಕೊನೆಗಾಲದಲ್ಲಿ ಹಾಸಿಗೆ ಹಿಡಿದ ಆ ಅಜ್ಜನನ್ನೂ ಸಾಕಿದಳು. ಎರಡೂ ಅರ್ಥ ಬರೆದು ಪುಸ್ತಕ ಮುಚ್ಚಿಟ್ಟೆ.